ಆರೂಕಾಲಿಂದ ಆರೂವರೆ ಬಾತ್ರೂಮ್ ನಂದು

ನಾನು ಕೌನ್ಸೆಲರ್. ಮಲಬದ್ಧತೆ, ಹೊಟ್ಟೆನೋವಿನ ಈ ಥರದ ಕೇಸ್ ನನ್ನ ಹತ್ರ ಮತ್ತೆ ಮತ್ತೆ ಬರ್ತಾನೇ ಇದೆ, ಹೆಚ್ಚಿನವರು ಹೆಂಗಸರು, ಅದಕ್ಕೇ ಬರೀತಿದೀನಿ. ಗುರುತು ಸಿಗಬಾರದು ಅಂತ ಊರು, ಕೆಲಸ ಎಲ್ಲಾ ಬದಲಾಯಿಸಿದೀನಿ.

ಆಕೆ ಟೀಚರ್, ಮೂವತ್ತು ದಾಟಿದೆ. ಬಾಡಿಗೆ ಮನೆ, ಐದು ಜನ, ಒಂದೇ ಬಾತ್ರೂಮ್. ಮದುವೆ ಆದಾಗಿಂದ ಮೋಷನ್ ಸರಿಯಾಗಿ ಆಗಲ್ಲ, ನಾಲ್ಕು ದಿನಕ್ಕೊಂದ್ಸಲ ಕುರಿ ಹಿಕ್ಕೆ ಥರ, ಹೊಟ್ಟೆ ಉಬ್ಬರ, ನುಲಿತ, ಆದ್ಮೇಲೆ ಸ್ವಲ್ಪ ಹಗುರ. ಥೈರಾಯ್ಡ್, ರಕ್ತ ಎಲ್ಲಾ ಟೆಸ್ಟ್ ಆಗಿ ಡಾಕ್ಟ್ರು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಕರುಳಿನ ತೊಂದರೆ) ಅಂದಿದ್ರು, ಒಂದು ಪುಡಿ ಬರೆದುಕೊಟ್ಟು "ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ" ಅಂತ ನನ್ನ ಹತ್ರ ಕಳ್ಸಿದ್ರು.

ಮೊದಲ ಎರಡು ಸೆಷನ್ ನಾನೂ ಅದನ್ನೇ ಮಾಡ್ದೆ. ಉಸಿರಾಟ, ರಿಲ್ಯಾಕ್ಸೇಶನ್. ಆಕೆ ಮರ್ಯಾದೆಗೆ ಕಣ್ಮುಚ್ಚಿ ಕೂತ್ಕೊಂಡ್ರು, ಅಷ್ಟೇ. ಅದರ ಬಗ್ಗೆ ಈಗಲೂ ನಾಚಿಕೆ ಇದೆ ನಂಗೆ.

ಮೂರನೇ ಸಲ ಗಂಡನೂ ಬಂದಿದ್ರು, ಒಳ್ಳೆ ಮನುಷ್ಯ. ಬೆಳಗ್ಗೆ ಹೇಗಿರುತ್ತೆ ಮನೇಲಿ ಅಂತ ಕೇಳಿದ್ದಕ್ಕೆ ಅವರೇ ಮುಂದಾಗಿ ಹೇಳಿದ್ರು, "ಇವಳು ಒಳಗೆ ಹೋದ್ರೆ ಅರ್ಧ ಗಂಟೆ ಮೇಡಂ, ಅದಕ್ಕೆ ನಾವೆಲ್ಲ ಮೊದಲು ಹೋಗಿ ಬಂದ್ಬಿಡ್ತೀವಿ, ಆಮೇಲೆ ಇವಳು ಆರಾಮಾಗಿ ಹೋಗ್ಲಿ ಅಂತ." ಆಕೆ ಸೀರೆ ಅಂಚು ಮಡಚ್ತಾ ಕೂತಿದ್ರು. ಸ್ವಲ್ಪ ಹೊತ್ತಾದ್ಮೇಲೆ ತಲೆ ಎತ್ತದೇನೇ ಹೇಳಿದ್ರು: "ರೀ, ನಂಗೆ ಬರೋದು ಕಾಫಿ ಕುಡಿದ ತಕ್ಷಣ. ಆಗ ಒಳಗೆ ಮಾವ ಇರ್ತಾರೆ. ನನ್ನ ಸರದಿ ಬರೋಷ್ಟ್ರಲ್ಲಿ ಅದು ಹೋಗಿರುತ್ತೆ. ಹೊರಗೆ ಅತ್ತೆ ಚಪ್ಪಲಿ ಸದ್ದು ಕೇಳಿದ್ರೆ ಮುಗೀತು, ಮತ್ತೆ ಬರೋದೇ ಇಲ್ಲ."

ರೂಮಲ್ಲಿ ಯಾರೂ ಮಾತಾಡ್ಲಿಲ್ಲ. ಆಕೆಗೆ ಅರ್ಧ ಗಂಟೆ ಬೇಕಾಗೋದು ಕೊನೇಲಿ ಹೋಗೋದ್ರಿಂದ, ಕೊನೇಲಿ ಹೋಗೋದು ಅರ್ಧ ಗಂಟೆ ಬೇಕಾಗೋದ್ರಿಂದ. ಇದು ಹತ್ತು ವರ್ಷದಿಂದ ನಡೀತಿದೆ, ಗಂಡನಿಗೆ ಗೊತ್ತೇ ಇಲ್ಲ.

ಆ ಕಾಫಿ ವಿಷಯ ಆಕೆ ಸುಮ್ನೆ ಹೇಳಿದ್ದಲ್ಲ. ಹೊಟ್ಟೆಗೆ ಏನಾದ್ರೂ ಬಿದ್ದ ಕೂಡ್ಲೇ ದೊಡ್ಡಕರುಳು ಜಾಗ ಮಾಡ್ಕೊಳ್ಳೋಕೆ ಹಿಂಡುತ್ತೆ, ಅದು ಬೆಳಗ್ಗೆ ಎದ್ದ ಹೊತ್ತಲ್ಲಿ ಜೋರು. ಆ ಕರೆಯನ್ನ ದಿನಾ ತಡೆದ್ರೆ ಮಲ ಒಳಗೇ ಕೂತು, ಅದರ ನೀರನ್ನ ಕರುಳು ಹೀರ್ಕೊಂಡು ಗಟ್ಟಿ ಆಗುತ್ತೆ, ಬರಬರ್ತಾ ಕರೆಯೇ ಸಪ್ಪೆ ಆಗುತ್ತೆ. ಹಾಗಂತ ಐಬಿಎಸ್ ತಡೆದಿದ್ದರಿಂದ್ಲೇ ಬಂತು ಅಂತ ನಾನು ಹೇಳ್ತಿಲ್ಲ. ಕರುಳಿಗೂ ಮಿದುಳಿಗೂ ನಡುವಿನ ಮಾತುಕತೆ ಹದ ತಪ್ಪೋ ಕಾಯಿಲೆ ಅದು, ನೋವು ನಿಜವಾದ ನೋವೇ, ನಾಟಕ ಅಲ್ಲ. ಆದ್ರೆ ಅಂಥ ಕರುಳಿಗೆ ಈ ಬೆಳಗಿನ ಕ್ಯೂ ಬೇರೆ ಸೇರಿದ್ರೆ ಪುಡಿ ಒಂದೇ ಏನು ಮಾಡುತ್ತೆ?

ಅದಕ್ಕೆ ನಾನು ಕೊಟ್ಟ ಮೊದಲ ಸಲಹೆ ಊಟದ್ದಲ್ಲ. ಆರೂಕಾಲಿಂದ ಆರೂವರೆ ತನಕ ಬಾತ್ರೂಮ್ ಆಕೇದು, ಇದನ್ನ ಮನೇಲಿ ಹೇಳೋದು ಗಂಡ, ಆಕೆ ಅಲ್ಲ. ಐದೂ ಮುಕ್ಕಾಲಿಗೆ ಬಿಸಿನೀರು, ಕಾಫಿ, ಎರಡು ಬಿಸ್ಕೆಟ್ಟೋ ಒಂದು ಬಾಳೆಹಣ್ಣೋ. ಫೋನ್ ಹೊರಗೆ. ಕಮೋಡ್ ಮುಂದೆ ಮಣೆ ಇಟ್ಟು ಅದರ ಮೇಲೆ ಕಾಲಿಟ್ಟು, ಮಂಡಿ ಸೊಂಟಕ್ಕಿಂತ ಮೇಲೆ ಬರೋ ಹಾಗೆ, ಸ್ವಲ್ಪ ಮುಂದಕ್ಕೆ ಬಾಗಿ ಕೂರೋದು. ತಿಣುಕೋ ಹಾಗಿಲ್ಲ. ಹತ್ತು ನಿಮಿಷದಲ್ಲಿ ಆಗ್ಲಿಲ್ವಾ, ಎದ್ದು ಬರೋದು, ನಾಳೆ ನೋಡೋಣ.

ಜೊತೆ ಕೆಲಸ ಮಾಡೋರೊಬ್ರು "ಇದೇನ್ರೀ, ಬಾತ್ರೂಮ್ ಟೈಮ್‌ಟೇಬಲ್ ಹಾಕಿಕೊಡೋದು ಕೌನ್ಸೆಲಿಂಗಾ" ಅಂದ್ರು. ಹೌದು, ಕೌನ್ಸೆಲಿಂಗೇ. ಮನೆಯವರೆಲ್ಲರ ಹೊಟ್ಟೆಗೆ ನಾಲ್ಕೂವರೆಗೆ ಎದ್ದು ಬೇಯ್ಸೋ ಹೆಂಗಸಿಗೆ ತನ್ನ ಹೊಟ್ಟೆಗೆ ಕಾಲು ಗಂಟೆ ಕೇಳೋಕೆ ಬಾಯಿ ಬರಲ್ಲ ಅಂದ್ರೆ ಅದನ್ನ ಬಿಟ್ಟು ನಾನು ಇನ್ಯಾವ ಮನಸ್ಸಿನ ಬಗ್ಗೆ ಮಾತಾಡ್ಲಿ?

ಊಟದ ವಿಷಯಕ್ಕೆ ಬಂದ್ರೆ, ಆಕೆ ಯಾರೋ ಹೇಳಿದ್ರು ಅಂತ ಚಪಾತಿ ಹಿಟ್ಟಿಗೆ ಗೋಧಿ ಬೂಸಾ ಸೇರಿಸ್ತಿದ್ರು, ಅದು ಐಬಿಎಸ್ ಇರೋರಿಗೆ ಎಷ್ಟೋ ಸಲ ಉಬ್ಬರ ಜಾಸ್ತಿ ಮಾಡುತ್ತೆ, ನಿಲ್ಸೋಕೆ ಹೇಳ್ದೆ. ಡಾಕ್ಟ್ರನ್ನ ಕೇಳ್ಕೊಂಡು ಬೂಸಾ ಬದಲು ಇಸಬ್ಗೋಲ್, ದಿನಕ್ಕೆ ಒಂದೇ ಚಮಚದಿಂದ ಶುರು, ದೊಡ್ಡ ಲೋಟ ನೀರಲ್ಲಿ ಕಲಸಿದ ಕೂಡ್ಲೇ ಕುಡಿಯೋದು, ವಾರಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ. ನೀರು ಕಮ್ಮಿ ಆದ್ರೆ ಅದೇ ಕಟ್ಕೊಳ್ಳುತ್ತೆ. ಅವರೇಕಾಳು ಸೀಸನ್ನಲ್ಲಿ ಕೈ ಬಿಗಿ ಹಿಡೀರಿ ಅಂದಿದ್ದಕ್ಕೆ ಮಾತ್ರ ಆಕೆ ಮುಖ ಸಣ್ಣದಾಯ್ತು. ಡಾಕ್ಟ್ರು ಕೊಟ್ಟ ಪುಡಿಯನ್ನ "ಅಭ್ಯಾಸ ಆಗ್ಬಿಡುತ್ತೆ" ಅಂತ ಹೆದರಿ ಮುಟ್ಟಿರ್ಲಿಲ್ಲ, ಆದ್ರೆ ಅಂಗಡಿಯಿಂದ ಸೋನಾಮುಖಿ ಚೂರ್ಣ ತಂದು ದಿನಾ ತಿಂತಿದ್ರು! ಆ ಪುಡಿ ಕರುಳಿಗೆ ನೀರು ಎಳೆದು ಮೆತ್ತಗೆ ಮಾಡೋದು, ಚೂರ್ಣ ಕರುಳನ್ನ ಕೆರಳಿಸಿ ಓಡಿಸೋದು, ಎರಡನ್ನೂ ಎತ್ಕೊಂಡು ಹೋಗಿ ಡಾಕ್ಟ್ರ ಟೇಬಲ್ ಮೇಲಿಟ್ಟು ಕೇಳಿ ಅಂದೆ. ಐರನ್ ಮಾತ್ರೆ ತಗೊಳ್ತಿದ್ರೆ ಅದನ್ನೂ ಹೇಳಿ ಅಂದೆ, ಅದರಿಂದಲೂ ಮಲ ಕಟ್ಟುತ್ತೆ.

ಇದನ್ನ ಓದಿ ಮನೇಲೇ ಮಾಡ್ಕೊಳ್ಳೋರಿಗೆ ಒಂದು ಮಾತು. ಮಲದಲ್ಲಿ ರಕ್ತ, ಕಾರಣ ಇಲ್ದೆ ತೂಕ ಇಳಿಯೋದು, ರಕ್ತ ಕಮ್ಮಿ ಇರೋದು, ನಿದ್ದೆಯಿಂದ ಎಬ್ಬಿಸೋ ನೋವು, ಐವತ್ತರ ಹತ್ರ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಇದ್ರಲ್ಲಿ ಒಂದಿದ್ರೂ ಮಣೆ, ಇಸಬ್ಗೋಲ್ ಎಲ್ಲಾ ಆಮೇಲೆ, ಮೊದಲು ಡಾಕ್ಟ್ರು.

ಎರಡು ತಿಂಗಳಾದ್ಮೇಲೆ ಆಕೆ ಫೋನ್ ಮಾಡಿದ್ರು. ವಾರಕ್ಕೆ ನಾಲ್ಕು ಸಲ ಆಗ್ತಿದೆ, ಮುಟ್ಟಿನ ಹಿಂದೆಮುಂದೆ ನೋವು ಇದ್ದೇ ಇದೆ. ಹಬ್ಬಕ್ಕೆ ನೆಂಟರು ಬಂದು ಐದು ದಿನ ಆರೂಕಾಲು ಕೈತಪ್ಪಿ ಮತ್ತೆ ಕಟ್ಟಿತ್ತಂತೆ. "ಪುಡಿ ತಗೊಂಡೆ ಮೇಡಂ, ಹೆದರ್ಲಿಲ್ಲ. ಮಣೆ ಮಾತ್ರ ನೆಂಟರ ಮಗು ಊಟಕ್ಕೆ ಹಾಕ್ಕೊಂಡು ಕೂತಿತ್ತು, ಯಾರಿಗೂ ಏನೂ ಹೇಳೋಕಾಗ್ಲಿಲ್ಲ" ಅಂತ ಜೋರಾಗಿ ನಕ್ಕರು.