ದಿನಾ ಆಫೀಸಿಗೂ ಆಗ್ಬೇಕು, ಭಾನುವಾರ ಮೇಲುಕೋಟೆಗೂ ಆಗ್ಬೇಕು, ಯಾವ ಸೈಕಲ್ ತಗೊಳ್ಳಲಿ?

ನೀವು ಕೇಳಿರೋದು ಇಷ್ಟು: ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಗೆ ಹೋಗಿಬರೋಕೆ ದಿನಾ 20 ಕಿ.ಮೀ. ಹತ್ರ, ರಜದಲ್ಲಿ ಮೇಲುಕೋಟೆ, ಸೋಮನಾಥಪುರ ಅಂತ ಉದ್ದದ ರೈಡು, ಮುಂದಿನ ವರ್ಷ 200 ಕಿ.ಮೀ. ಬ್ರೆವೆ (ಗೊತ್ತು ಮಾಡಿದ ಸಮಯದೊಳಗೆ ಮುಗಿಸೋ ಉದ್ದದ ಸೈಕಲ್ ರೈಡು) ಮಾಡೋ ಆಸೆ, ಕೈಲಿರೋದು 35 ಸಾವಿರ, ಅಂಗಡಿಯವರು ಸಸ್ಪೆನ್ಶನ್ (ಶಾಕ್) ಇರೋ 21 ಗೇರಿನ ಎಂಟಿಬಿ, ಅಂದ್ರೆ ದಪ್ಪ ಟೈರಿನ ಮೌಂಟನ್ ಬೈಕ್ ತಗೊಳ್ಳಿ ಅಂತಿದಾರೆ. ನಾನಾದ್ರೆ ಎಂಟಿಬಿ ತಗೊಳ್ಳಲ್ಲ, ತೆಳು ಟೈರು, ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕೂ ಈಗಲೇ ಬೇಡ. ಸಸ್ಪೆನ್ಶನ್ ಇಲ್ಲದ ಹೈಬ್ರಿಡ್ (ಆ ಎರಡರ ನಡುವಿನದು, ನೇರ ಹ್ಯಾಂಡಲ್ಲಿಂದು), 700 ಇಂಟು 35, ಅಂದ್ರೆ 35 ಮಿ.ಮೀ. ಅಗಲದ ಟೈರು, ಕ್ಯಾರಿಯರ್ರು ಮಡ್‌ಗಾರ್ಡು ಕೂರಿಸೋಕೆ ಫ್ರೇಮಲ್ಲೇ ಸ್ಕ್ರೂ ತೂತು ಇರೋಂಥದ್ದು ನೋಡಿ. ಯಾಕೆ ಅಂತ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಅಂಗಡಿಯವರು ನಿಮಗೆ ಹೇಳ್ತಿರೋದನ್ನೇ ನನಗೂ ಹೇಳಿದ್ರು, ನಾನು ಕೇಳಿಬಿಟ್ಟೆ.

ಮೈಸೂರಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತಲ್ಲ, ದೊಡ್ಡವನಾದ್ಮೇಲೆ ಮತ್ತೆ ಸೈಕಲ್ ಹತ್ತಿದ್ದು ಅದ್ರಿಂದಾನೇ. ಒಂದು ವರ್ಷ ಓಡಿಸಿ ಸ್ವಂತದ್ದು ಬೇಕು ಅನ್ನಿಸ್ತು, ಅಂಗಡಿಗೆ ಹೋದೆ, ದಪ್ಪ ಟೈರು, ಮುಂದೆ ಶಾಕ್, ಎರಡೂ ಕಡೆ ಡಿಸ್ಕು, ನೋಡೋಕೆ ಭರ್ಜರಿಯಾಗಿತ್ತು. ಮೊದಲ ತಿಂಗಳು ಖುಷೀನೇ. ಆಮೇಲೆ ಚಾಮುಂಡಿ ಬೆಟ್ಟ ಹತ್ತೋಕೆ ಹೋದಾಗ ಗೊತ್ತಾಯ್ತು, ಎದ್ದು ನಿಂತು ತುಳಿದಾಗೆಲ್ಲ ಮುಂದಿನ ಶಾಕ್ ಕೆಳಗೆ ಕೂತು ಮೇಲೆ ಏಳ್ತಾ ಇತ್ತು, ಕಾಲಿನ ಶಕ್ತಿ ಚಕ್ರಕ್ಕೆ ಹೋಗೋ ಬದಲು ಸ್ಪ್ರಿಂಗ್ ಅದುಮೋಕೆ ಹೋಗ್ತಿತ್ತು. ಈ ಬೆಲೆಯ ಸೈಕಲ್ಲಲ್ಲಿ ಬರೋ ಸ್ಪ್ರಿಂಗ್ ಶಾಕೇ ಎರಡು ಎರಡೂವರೆ ಕೆ.ಜಿ. ತೂಗತ್ತೆ, ಮಳೆನೀರು ಧೂಳು ಸೇರಿ ಒಂದೆರಡು ವರ್ಷಕ್ಕೆ ಬಿಗಿಯಾಗಿಬಿಡತ್ತೆ, ಅಲ್ಲಿಗೆ ಅದು ಬರೀ ಹೊರೆ. ನಮ್ಮ ರೋಡಿನ ಹಂಪು ಗುಂಡಿಗಳಿಗೆ 35ರ ಟೈರಲ್ಲಿ ಗಾಳಿ ಸರಿಯಾಗಿ ಹಾಕಿದ್ರೆ ಸಾಕು, ಶಾಕ್ ಬೇಡ. ನನ್ನ ತೂಕ 74 ಕೆ.ಜಿ., ಹಿಂದಿನ ಚಕ್ರಕ್ಕೆ 65 ಪಿಎಸ್ಐ, ಮುಂದಕ್ಕೆ 55 ಹಾಕ್ತೀನಿ, ಕೈ ಜೋಮು ಹಿಡಿಯಲ್ಲ.

21 ಗೇರಿನ ವಿಷಯ. ಮುಂದೆ 3 ಹಲ್ಲಿನ ಚಕ್ರ, ಹಿಂದೆ 7 ಅಂತ ಗುಣಿಸಿ 21 ಅಂತಾರೆ, ಅದ್ರಲ್ಲಿ ಸುಮಾರು ಗೇರು ತುಳಿಯೋಕೆ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ. ಎಣಿಕೆ ಬಿಡಿ, ಮುಂದಿನ ಅತಿ ಚಿಕ್ಕ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ ಎಷ್ಟು ಹಲ್ಲು ಅಂತ ಕೇಳಿ. ಮುಂದೆ 28 ಹಿಂದೆ 34 ಇದ್ರೆ ಒಂದು ಸುತ್ತು ತುಳಿದಾಗ ಸೈಕಲ್ 1.8 ಮೀಟರ್ ಮಾತ್ರ ಮುಂದೆ ಹೋಗತ್ತೆ, ಬೆಟ್ಟಕ್ಕೆ ಇಂಥದ್ದೇ ಬೇಕು. ಮುಂದೆ 34 ಹಿಂದೆ 28 ಇರೋ ರೋಡ್ ಬೈಕಲ್ಲಿ ಅದೇ ಒಂದು ಸುತ್ತಿಗೆ 2.6 ಮೀಟರ್ ಎಳೀಬೇಕು, ಹೊಸಬರ ಮಂಡಿಗೆ ಕಷ್ಟ.

ಇನ್ನೊಂದು ಪ್ರಶ್ನೆ ತಪ್ಪದೇ ಕೇಳಿ, ಹಿಂದಿನ ಚಕ್ರದಲ್ಲಿರೋ ಹಲ್ಲಿನ ಚಕ್ರಗಳ ಗೊಂಚಲು ಕ್ಯಾಸೆಟ್ಟಾ (ಹಬ್, ಅಂದ್ರೆ ಚಕ್ರದ ನಡುವಿನ ಭಾಗದ ಮೇಲೆ ಜಾರಿಸಿ ಕೂರಿಸೋದು) ಫ್ರೀವೀಲಾ (ಹಬ್‌ಗೆ ತಿರುಪಿ ಕೂರಿಸೋದು) ಅಂತ. 7 ಗೇರಿನ ಕಡಿಮೆ ಬೆಲೆಯವು ಹೆಚ್ಚಾಗಿ ಫ್ರೀವೀಲೇ. ಅದ್ರಲ್ಲಿ ಬಲಗಡೆ ಬೇರಿಂಗ್ ಒಳಗೆ ಎಲ್ಲೋ ಇರತ್ತೆ, ಆ ಕಡೆ ಆಕ್ಸಲ್ಲಿಗೆ ಆಸರೆ ಇರಲ್ಲ, ಹಿಂದೆ ಲಗೇಜ್ ಹಾಕ್ಕೊಂಡು ದಿನಾ ಗುಂಡಿಗೆ ಬಿದ್ದು ಎದ್ರೆ ಬಗ್ಗತ್ತೆ. ನಂದು ಟಿ. ನರಸೀಪುರದ ಹತ್ರ ಬಗ್ಗಿ, ಚಕ್ರ ಬ್ರೇಕಿಗೆ ಉಜ್ಜೋಕೆ ಶುರುವಾಗಿ, ಕೊನೆಗೆ ಗೂಡ್ಸ್ ಆಟೋದಲ್ಲಿ ಹಾಕ್ಕೊಂಡು ಮನೆಗೆ ಬಂದೆ. ಕ್ಯಾಸೆಟ್ ಇರೋ ಹಬ್‌ನಲ್ಲಿ ಬೇರಿಂಗ್ ಹೊರಗಿನ ತುದಿ ಹತ್ರ ಕೂತಿರತ್ತೆ, ಈ ತೊಂದರೆ ತುಂಬ ಕಡಿಮೆ. ಗೇರು ಮಾಡೋ ಶಿಮಾನೋ ಕಂಪನಿಯ ಹೆಸರಲ್ಲಿ ಹೇಳೋದಾದ್ರೆ ಟೂರ್ನಿ ಅನ್ನೋ ಸರಣಿ ಬಿಟ್ಟು ಆಲ್ಟಸ್ ಅಥವಾ ಆಸೆರಾ, 8 ಅಥವಾ 9 ಸ್ಪೀಡ್ (ಹಿಂದಿನ ಗೇರಿನ ಎಣಿಕೆ), ನಿಮ್ಮ ಬಜೆಟ್ಟಿಗೆ ಅಷ್ಟು ಸಾಕು.

ರೋಡ್ ಬೈಕ್ ಯಾಕೆ ಬೇಡ ಅಂತೀನಿ ಅಂದ್ರೆ, ಲೆಕ್ಕ ಹಾಕಿ ನೋಡಿ. ಆಫೀಸಿಗೆ ವಾರಕ್ಕೆ 100, ತಿಂಗಳಿಗೆ 400 ಕಿ.ಮೀ. ಮೇಲುಕೋಟೆಗೆ ಹೋಗಿಬರೋಕೆ 100, ತಿಂಗಳಿಗೆ ಎರಡು ಸಲ ಹೋದ್ರೂ 200. ಅಂದ್ರೆ ಈ ಸೈಕಲ್ ಮುಖ್ಯವಾಗಿ ಆಫೀಸಿಂದು. ಭಾನುವಾರದ ಆಸೆಗೆ ತೆಳು ಟೈರಿನ ಸೈಕಲ್ ತಗೊಂಡು, ಸೋಮವಾರ ಲ್ಯಾಪ್‌ಟಾಪು, ಊಟದ ಡಬ್ಬಿ, ಬದಲಾಯಿಸೋ ಬಟ್ಟೆ ಎಲ್ಲಾ ಬೆನ್ನಿಗೆ ನೇತುಹಾಕ್ಕೊಂಡು ಬೆವರಲ್ಲಿ ತೊಯ್ದು ಹೋಗಿ, ಮಳೆ ಬಂದ ದಿನ ಬೆನ್ನಿಗೆಲ್ಲ ಕೆಸರು ಎರಚಿಸ್ಕೊಂಡು, ಎರಡನೇ ತಿಂಗಳಿಗೆ ಸ್ಕೂಟರ್ ಕೀ ತಗೊಂಡವರನ್ನ ತುಂಬ ಜನ ನೋಡಿದ್ದೀನಿ, ನೋಡಿದಾಗೆಲ್ಲ ಬೇಜಾರಾಗತ್ತೆ. ಕ್ಯಾರಿಯರ್ ಹಾಕಿಸಿ ಬ್ಯಾಗನ್ನ ಪಕ್ಕಕ್ಕೆ ನೇತುಹಾಕಿ, ಬೆನ್ನು ಖಾಲಿ ಇರಲಿ. ನಿಜವಾಗ್ಲೂ ಬೇರೆ ಸೈಕಲ್ಲೇ ಅನ್ಸತ್ತೆ.

ಬ್ರೆವೆ ಬಗ್ಗೆ ಹೆದರಬೇಡಿ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ ಕೊಡ್ತಾರೆ, ಊಟ ತಿಂಡಿ ಪಂಚರ್ ಎಲ್ಲಾ ಸೇರಿ ಗಂಟೆಗೆ 15 ಕಿ.ಮೀ.ಗಿಂತ ಸ್ವಲ್ಪ ಕಡಿಮೆ ಬಿದ್ರೂ ನಡೆಯತ್ತೆ. ನಾನು ಮೊದಲನೇದು ಆ ಎಂಟಿಬಿ ಬಿಟ್ಟು ಆಮೇಲೆ ತಗೊಂಡ ಹೈಬ್ರಿಡ್ಡಲ್ಲಿ, ಕ್ಯಾರಿಯರ್ ಸಮೇತ, 12 ಗಂಟೆ 20 ನಿಮಿಷಕ್ಕೆ ಮುಗಿಸ್ದೆ. ತೊಂದ್ರೆ ಕೊಟ್ಟಿದ್ದು ಕಾಲಲ್ಲ, ಅಂಗೈ. ನೇರ ಹ್ಯಾಂಡಲ್ಲಲ್ಲಿ ಕೈ ಇಡೋಕೆ ಒಂದೇ ಜಾಗ, ಅದಕ್ಕೆ ಹ್ಯಾಂಡಲ್ ತುದಿಗೆ ಕೊಂಬಿನ ಥರದ ಬಾರ್ ಎಂಡ್ ಹಾಕಿಸ್ಕೊಳ್ಳಿ, ಕೈ ಆಗಾಗ ಜಾಗ ಬದಲಾಯಿಸ್ಬಹುದು, ಬೆಲೆನೂ ಜಾಸ್ತಿ ಇಲ್ಲ.

ಟ್ಯೂಬಿನ ಬಾಯಿ ಬಗ್ಗೆ ಯಾರೂ ಹೇಳಲ್ಲ ನೋಡಿ. ಬೈಕು ಕಾರಿಗಿರೋ ಥರದ ದಪ್ಪ ವಾಲ್ವು, ಅಂದ್ರೆ ಶ್ರೇಡರ್, ಇರೋ ರಿಮ್ಮೇ ಆರಿಸ್ಕೊಳ್ಳಿ. ಪ್ರೆಸ್ಟಾ ಅನ್ನೋ ಸಣ್ಣ ವಾಲ್ವಿಗೆ ಪೆಟ್ರೋಲ್ ಬಂಕಲ್ಲಿ ಗಾಳಿ ಹೊಡೆಸ್ಬೇಕಂದ್ರೆ ಬೇರೆ ಅಡಾಪ್ಟರ್ ಇಟ್ಕೊಂಡಿರ್ಬೇಕು. ಪಾಂಡವಪುರ ದಾಟಿ ಜಕ್ಕನಹಳ್ಳಿ ಕಡೆ ಹೋಗ್ತಾ ಇದ್ದಾಗ ಎರಡು ಟ್ಯೂಬೂ ಹಾಳಾಯ್ತು ಅನ್ಕೊಳ್ಳಿ, ಹಳ್ಳಿ ಪಂಚರ್ ಅಂಗಡೀಲಿ ಸಿಗೋದು ಹಳೇ ಕರಿ ಸೈಕಲ್ಲಿನ 28 ಇಂಚಿನ ಟ್ಯೂಬು. ದಪ್ಪ ವಾಲ್ವಿನ ತೂತಿರೋ ರಿಮ್ಮಿಗೆ ಅದನ್ನ ಹೇಗೋ ತುರುಕಿ ಮನೆ ಸೇರ್ಬಹುದು, ಪ್ರೆಸ್ಟಾ ತೂತಲ್ಲಿ ಅದು ತೂರೋದೇ ಇಲ್ಲ. ಆದ್ರೆ ಟೈರ್ ಮಾತ್ರ ಯಾವ ಕಾರಣಕ್ಕೂ ಹೊಂದಲ್ಲ, 28 ಇಂಟು ಒಂದೂವರೆ ಟೈರಿನ ರಿಮ್ 635 ಮಿ.ಮೀ., ನಮ್ಮ 700ರದ್ದು 622.

ಸೈಜು ಎಲ್ಲಕ್ಕಿಂತ ಮುಖ್ಯ. ಅಂಗಡೀಲಿ ಸ್ಟಾಕ್ ಇರೋ ಸೈಜನ್ನೇ ನಿಮಗೆ ಸರಿಹೋಗತ್ತೆ ಅಂತಾರೆ. ಮನೇಲೇ ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲ ಮಧ್ಯೆ ಒಂದು ದಪ್ಪ ಪುಸ್ತಕ ಬಿಗಿಯಾಗಿ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿಂದ ನೆಲದವರೆಗೆ ಅಳೀರಿ. ಅದನ್ನ 0.883ರಿಂದ ಗುಣಿಸಿದ್ರೆ ಪೆಡಲ್ ಕ್ರ್ಯಾಂಕಿನ ನಡುವಿಂದ ಸೀಟಿನ ಮೇಲ್ಭಾಗದವರೆಗೆ ಎಷ್ಟಿರ್ಬೇಕು ಅಂತ ಅಂದಾಜು ಬರತ್ತೆ, 79 ಸೆಂ.ಮೀ. ಇದ್ರೆ ಸುಮಾರು 70. ಆಮೇಲೆ ಅರ್ಧರ್ಧ ಸೆಂ.ಮೀ. ಆಚೆ ಈಚೆ ಮಾಡ್ಕೊಳ್ಳಿ. ಟೆಸ್ಟ್ ರೈಡಲ್ಲಿ ಹ್ಯಾಂಡಲ್ ಹಿಡಿಯೋಕೆ ಮೊಣಕೈ ಪೂರ್ತಿ ಚಾಚ್ಬೇಕಾದ್ರೆ ಆ ಫ್ರೇಮ್ ನಿಮಗೆ ದೊಡ್ಡದು, ಎಷ್ಟು ಡಿಸ್ಕೌಂಟ್ ಕೊಟ್ರೂ ಬೇಡ.

35 ಸಾವಿರ ಪೂರ್ತಿ ಸೈಕಲ್ಲಿಗೇ ಹಾಕಬೇಡಿ. 28ರೊಳಗೆ ಸೈಕಲ್ ಮುಗಿಸಿ ಉಳಿದಿದ್ರಲ್ಲಿ ಹೆಲ್ಮೆಟ್ಟು, ಮುಂದೆ ಹಿಂದೆ ಲೈಟು, ಬೀಗ, ಕ್ಯಾರಿಯರ್ರು, ಮಡ್‌ಗಾರ್ಡು, ಪಂಪು, ಎರಡು ಸ್ಪೇರ್ ಟ್ಯೂಬು. ಲೈಟಲ್ಲಿ ಮಾತ್ರ ಉಳಿಸೋಕೆ ಹೋಗ್ಬೇಡಿ, ರಿಂಗ್ ರೋಡಲ್ಲಿ ಸಂಜೆ ಏಳು ಗಂಟೆಗೆ ಹಿಂದಿಂದ ಬರೋ ಲಾರಿಯವನಿಗೆ ನೀವು ಕಾಣೋದು ಅದೊಂದರಿಂದಾನೇ. ಬ್ರೆವೆಗೆ ರಿಫ್ಲೆಕ್ಟಿವ್ ಜಾಕೆಟ್ ಹೇಗೂ ಬೇಕು, ಈಗಲೇ ತಗೊಂಡು ಆಫೀಸಿಗೂ ಹಾಕ್ಕೊಂಡು ಹೋಗಿ.

ಅಂಗಡಿಗೆ ಹೋಗೋ ಮುಂಚೆ ಕಾಲಿನ ಅಳತೆ ಇಲ್ಲಿ ಹಾಕಿ, ನೋಡಿರೋ ಎರಡು ಮೂರು ಮಾಡೆಲ್ ಹೆಸರನ್ನೂ ಬರೀರಿ, ಹಲ್ಲಿನ ಲೆಕ್ಕ, ಹಬ್ಬು, ಸ್ಕ್ರೂ ತೂತು ಮೂರನ್ನೂ ನೋಡಿ ಹೇಳ್ತೀನಿ.