ಬಡ್ಜಿ ಜೋಡಿಗೆ ಮಡಕೆ ಯಾವಾಗ ಕಟ್ಟಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಡ್ಜಿ ಹಕ್ಕಿಗಳ ಬಗ್ಗೆ, ಅಂದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಪುಟ್ಟ ಗಿಣಿಗಳ ಬಗ್ಗೆ. ಮಡಕೆ ಎಂದರೆ ಇಲ್ಲಿ ಅವು ಮೊಟ್ಟೆ ಇಡಲೆಂದು ಪಂಜರದಲ್ಲಿ ಕಟ್ಟುವ ಗೂಡು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಎರಡು ಜೋಡಿ ತಂದು ನಾಲ್ಕು ತಿಂಗಳಾಯಿತು. ತಂದ ದಿನವೇ ಮಡಕೆ ಕಟ್ಟಿದೆವು. ಒಂದು ಜೋಡಿ ಮೊಟ್ಟೆಯನ್ನೇ ಇಟ್ಟಿಲ್ಲ. ಇನ್ನೊಂದರ ಮಡಕೆಯಲ್ಲಿ ಒಂಬತ್ತು ಮೊಟ್ಟೆ ಇದ್ದವು, ಒಂದೂ ಮರಿಯಾಗಲಿಲ್ಲ. ಅಂಗಡಿಯವರು ಗಂಡು, ಹೆಣ್ಣು ಅಂತಲೇ ಕೊಟ್ಟಿದ್ದರು. (ನಿಟುವಳ್ಳಿ, ದಾವಣಗೆರೆ)

ಉತ್ತರ: ಒಂಬತ್ತು ಮೊಟ್ಟೆಯ ಮಡಕೆಯಲ್ಲಿ ಎರಡೂ ಹೆಣ್ಣೇ ಇರುವ ಸಂಭವ ಹೆಚ್ಚು. ಒಂದು ಹೆಣ್ಣು ದಿನ ಬಿಟ್ಟು ದಿನಕ್ಕೊಂದರಂತೆ ಸಾಮಾನ್ಯವಾಗಿ 4ರಿಂದ 6 ಮೊಟ್ಟೆ ಇಡುತ್ತದೆ. ಒಂದೇ ದಿನದಲ್ಲಿ ಎರಡು ಮೊಟ್ಟೆ ಕಂಡಿದ್ದರೆ ಅನುಮಾನವೇ ಬೇಡ. ಎರಡು ಹೆಣ್ಣುಗಳು ಜೋಡಿಯಂತೆಯೇ ನಡೆದುಕೊಳ್ಳುತ್ತವೆ, ಒಂದಕ್ಕೊಂದು ತುತ್ತನ್ನೂ ಕೊಡುತ್ತವೆ. ಅದನ್ನು ನೋಡಿ ಗಂಡು, ಹೆಣ್ಣು ಎಂದು ತೀರ್ಮಾನಿಸಬೇಡಿ.

ಗುರುತು ಇರುವುದು ಕೊಕ್ಕಿನ ಬುಡದಲ್ಲಿ, ಮೂಗಿನ ಹೊಳ್ಳೆಗಳಿರುವ ಮೇಣದಂಥ ಉಬ್ಬಿನಲ್ಲಿ. ಸಾಕುವವರು ಇದನ್ನು ಸೀರ್ ಅನ್ನುತ್ತಾರೆ. ಬೆಳೆದ ಗಂಡಿನ ಸೀರ್ ಗಾಢ ನೀಲಿ, ನುಣುಪು. ಹೆಣ್ಣಿನದು ಬಿಳಿಚು ಅಥವಾ ತೀರ ತೆಳು ನೀಲಿ, ಹೊಳ್ಳೆಯ ಸುತ್ತ ಬಿಳಿ ಉಂಗುರ. ಮೊಟ್ಟೆಗೆ ಬಂದಾಗ ಕಂದು ಬಣ್ಣಕ್ಕೆ ತಿರುಗಿ ಹಕ್ಕಳೆಯಂತೆ ಒರಟಾಗುತ್ತದೆ. ಮರಿಗಳಲ್ಲಿ ಎಲ್ಲವೂ ಗುಲಾಬಿ ಛಾಯೆಯಲ್ಲೇ ಇರುವುದರಿಂದ ಅಂಗಡಿಯಲ್ಲಿ ಎಡವಟ್ಟಾಗುವುದು ಸಹಜ. ಹಳದಿ ಲುಟಿನೋ, ಬಿಳಿ ಆಲ್ಬಿನೋ ಗಂಡುಗಳಿಗಂತೂ ವಯಸ್ಸಾದರೂ ಸೀರ್ ನೀಲಿಯಾಗುವುದಿಲ್ಲ, ಗುಲಾಬಿ ಅಥವಾ ನೇರಳೆಯಲ್ಲೇ ಉಳಿಯುತ್ತದೆ.

ಮೊಟ್ಟೆ ಇಡದ ಜೋಡಿ ಎಳೆಯದಿರಬಹುದು. ತಂದಾಗ ಹಣೆಯ ಮೇಲಿನ ಕಪ್ಪು ಗೆರೆಗಳು ಸೀರ್ ತನಕ ಇಳಿದಿದ್ದರೆ ಹಕ್ಕಿಗೆ ಆಗಿನ್ನೂ ಮೂರು ನಾಲ್ಕು ತಿಂಗಳೂ ತುಂಬಿರಲಿಲ್ಲ ಎಂದರ್ಥ. ಆರು ತಿಂಗಳ ಹೆಣ್ಣೂ ಮೊಟ್ಟೆ ಇಡಬಲ್ಲದು, ಆದರೆ ಇಡಿಸಬಾರದು. ಮೊಟ್ಟೆ ಸಿಕ್ಕಿಕೊಂಡು ಸಾಯುವವುಗಳಲ್ಲಿ ಇಂಥ ಎಳೆಯ ಹೆಣ್ಣುಗಳು ಬಹಳ. ಹೆಣ್ಣಿಗೆ 11-12 ತಿಂಗಳು, ಗಂಡಿಗೆ 10 ತಿಂಗಳಾದರೂ ಆಗಲಿ. ನಾಲ್ಕು ವರ್ಷ ದಾಟಿದ ಹೆಣ್ಣಿಗೆ ಗೂಡು ಕೊಡಬೇಡಿ.

ತಂದ ದಿನವೇ ಮಡಕೆ ಕಟ್ಟಿದ್ದು ನಿಮ್ಮ ನಿಜವಾದ ತಪ್ಪು. ಬಡ್ಜಿ ಆಸ್ಟ್ರೇಲಿಯಾದ ಒಣ ಸೀಮೆಯ ಹಕ್ಕಿ. ಅಲ್ಲಿ ಮಳೆ ಬಿದ್ದು ಹುಲ್ಲು ತೆನೆಗಟ್ಟಿದಾಗ ಗೂಡಿಗಿಳಿಯುತ್ತದೆ, ತಿಂಗಳ ಲೆಕ್ಕ ಅದಕ್ಕಿಲ್ಲ. ಹೊಟ್ಟೆ ತುಂಬ ಮೆತ್ತನೆಯ ಆಹಾರ, ಸೊಪ್ಪು, ಸುಣ್ಣದಂಶ ಸಿಕ್ಕಾಗ ಮೈ ತಾನಾಗಿ ಹದಕ್ಕೆ ಬರುತ್ತದೆ. ಆದ್ದರಿಂದ ಜೋಡಿಯನ್ನು 24 ಇಂಚು ಉದ್ದ, 16 ಅಗಲ, 16 ಎತ್ತರದ ಪಂಜರಕ್ಕೆ ಬಿಟ್ಟು ಎರಡು ಮೂರು ವಾರ ಮಡಕೆಯಿಲ್ಲದೆ ಚೆನ್ನಾಗಿ ಮೇಯಿಸಿ. ಸರಳುಗಳ ಸಂದು ಅರ್ಧ ಇಂಚಿಗಿಂತ ಹೆಚ್ಚಿರಬಾರದು. ಹೆಣ್ಣಿನ ಸೀರ್ ಕಂದಾಗಿ, ಅದು ಸಿಕ್ಕ ಮರವನ್ನೆಲ್ಲ ಕಡಿಯತೊಡಗಿ, ಗಂಡು ತಲೆ ಕುಣಿಸುತ್ತ ತುತ್ತು ಕೊಡಲಾರಂಭಿಸಿದ ಮೇಲೆ ಗೂಡು ಕಟ್ಟಿ. ಅಲ್ಲಿಂದ ಎಂಟು ಹತ್ತು ದಿನಕ್ಕೆ ಮೊದಲ ಮೊಟ್ಟೆ ಬರಬೇಕು. ನಾಲ್ಕು ವಾರವಾದರೂ ಬರದಿದ್ದರೆ ಗೂಡು ಬಿಚ್ಚಿ, ಒಂದು ತಿಂಗಳು ಬಿಟ್ಟು ಮತ್ತೆ ನೋಡಿ.

ಮಡಕೆಯಾದರೆ ಹೊಟ್ಟೆ 7-8 ಇಂಚು, ತೂತು ಒಂದೂವರೆಯಿಂದ ಎರಡು ಇಂಚು. ಒಳಗೆ ಕೈ ಹೋಗುವಂತೆ ಮುಚ್ಚಳವಿರುವುದನ್ನೇ ಆರಿಸಿ. ಮರದ ಪೆಟ್ಟಿಗೆಯಾದರೆ 9×6×6 ಇಂಚು, ತಳದ ಹಲಗೆಯಲ್ಲಿ ನಾಲ್ಕು ಇಂಚು ಅಗಲ, ಅರ್ಧ ಇಂಚು ಆಳದ ಗುಳಿ ಇರಲೇಬೇಕು. ಒಳಗೆ ಎರಡು ಬೆರಳು ದಪ್ಪ ಮರದ ಹೊಟ್ಟು ಹಾಕಿ, ಅಂದರೆ ಬಡಗಿ ಹತ್ತರಿ ಹೊಡೆದಾಗ ಬರುವ ಸುರುಳಿ. ಗರಗಸದ ಪುಡಿ ಬೇಡ, ಪಾಲಿಶ್ ಆದ ಮರದ್ದೂ ಬೇಡ. ಹತ್ತಿ, ತೆಂಗಿನ ನಾರು ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತವೆ.

ಪ್ರಶ್ನೆ: ನಮ್ಮ ಹೊಲದಲ್ಲೇ ನವಣೆ, ಸಾಮೆ ಬೆಳೆಯುತ್ತೇವೆ. ಅದನ್ನೇ ಹಾಕಿದರೆ ಸಾಕಲ್ಲವೇ? (ಹೊಸದುರ್ಗ)

ಉತ್ತರ: ಪೇಟೆಯವರು ನಿಮ್ಮನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕು. ಸಿಪ್ಪೆಯಿರುವ ಕಾಳೇ ಹಕ್ಕಿಗೆ ಬೇಕಾದದ್ದು, ಕಿರಾಣಿ ಅಂಗಡಿಯಲ್ಲಿ ಸಿಗುವ ನವಣೆ ಅಕ್ಕಿಯಲ್ಲ. ನವಣೆ ನಾಲ್ಕು ಪಾಲು, ಬರಗು ಎರಡು, ಸಾಮೆ ಒಂದು, ಸಜ್ಜೆ ಒಂದು ಪಾಲು ಬೆರೆಸಿ. ಒಂದು ಹಕ್ಕಿಗೆ ದಿನಕ್ಕೆ ಎರಡು ಚಹಾ ಚಮಚ ಸಾಕು. ಮರಿಗಳಿರುವಾಗ ಅಳತೆ ಬೇಡ, ಬಟ್ಟಲು ಖಾಲಿಯಾಗಬಾರದು ಅಷ್ಟೆ. ಬಟ್ಟಲಿನ ಮೇಲೆ ಹೊಟ್ಟು ನಿಂತು ತುಂಬಿದಂತೆ ಕಾಣುತ್ತದೆ. ಬೆಳಿಗ್ಗೆ, ಸಂಜೆ ಊದಿ ತೆಗೆಯಿರಿ. ಕಾಳಿದೆ ಎಂದುಕೊಂಡು ಉಪವಾಸ ಕೆಡವಿದ ಮನೆಗಳಿವೆ.

ಒಂದು ಎಚ್ಚರಿಕೆ: ಬಿತ್ತನೆಗೆಂದು ತಂದು ಉಳಿದ ಕಾಳನ್ನು ಹಾಕಲೇಬೇಡಿ. ಗುಲಾಬಿ ಬಣ್ಣ ಹಚ್ಚಿದ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಹಳೆಯ ಕಾಳಿನಲ್ಲಿ ಜೀವವಿದೆಯೇ ಎಂದು ನೋಡಲು ಒಂದು ಹಿಡಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಎರಡು ದಿನದಲ್ಲಿ ಮುಕ್ಕಾಲು ಭಾಗವಾದರೂ ಮೊಳೆಯದಿದ್ದರೆ ಆ ಚೀಲ ಹಕ್ಕಿಗೆ ಬೇಡ.

ಆದರೆ ಕಾಳೊಂದೇ ಸಾಲದು. ಕಾಳಿನಲ್ಲಿ ಸುಣ್ಣದಂಶವೂ ಎ ಜೀವಸತ್ವವೂ ತೀರ ಕಡಿಮೆ. ಪಂಜರದ ಸರಳಿಗೆ ಕಟ್ಲ್‌ಬೋನ್, ಅಂದರೆ ಕಟ್ಲ್‌ಫಿಶ್ ಎಂಬ ಕಡಲಜೀವಿಯ ಸುಣ್ಣದ ಮೂಳೆ, ಸಿಕ್ಕಿಸಿ. ಸಮುದ್ರ ನೊರೆ ಎಂದು ಕೇಳಿದರೆ ಗ್ರಂಧಿಗೆ ಅಂಗಡಿಯಲ್ಲೂ ಸಿಗುತ್ತದೆ. ಇಲ್ಲವೇ ಕೋಳಿಮೊಟ್ಟೆಯ ಚಿಪ್ಪನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಪುಡಿ ಮಾಡಿ ಇಡಿ. ಸುಣ್ಣ ಮೈಗೆ ಹತ್ತಲು ಬೆಳಗಿನ ಬಿಸಿಲೂ ಬೇಕು. ಗಾಜಿನ ಕಿಟಕಿಯಿಂದ ಬಂದ ಬಿಸಿಲು ಆ ಕೆಲಸ ಮಾಡುವುದಿಲ್ಲ. ಸೊಪ್ಪಿನಲ್ಲಿ ನುಗ್ಗೆ, ಕೊತ್ತಂಬರಿ, ಮೆಂತ್ಯ ಒಳ್ಳೆಯವು. ಪಾಲಕ್ ಸುಣ್ಣವನ್ನು ಕಟ್ಟಿಹಾಕುತ್ತದೆ, ಅಪರೂಪಕ್ಕೆ ಸಾಕು. ಗೂಡಿಗೆ ಮುನ್ನ ಮತ್ತು ಮರಿಗಳಿರುವಷ್ಟು ಕಾಲ ಬೇಯಿಸಿದ ಮೊಟ್ಟೆ, ತುರಿದ ಕ್ಯಾರೆಟ್, ಮೊಳಕೆ ಹೆಸರುಕಾಳನ್ನು ಒಟ್ಟಿಗೆ ಹಿಸುಕಿ ಬೆಳಿಗ್ಗೆ ಜೋಡಿಗೆ ಎರಡು ಚಮಚ ಕೊಡಿ. ಎರಡು ಗಂಟೆಯಾದ ಮೇಲೆ ಉಳಿದದ್ದನ್ನು ತೆಗೆದುಬಿಡಿ, ನಮ್ಮ ಬಿಸಿಲಿಗೆ ಹಳಸಿ ಮರಿಗಳ ಹೊಟ್ಟೆ ಕೆಡಿಸುತ್ತದೆ. ಮಂಡಕ್ಕಿ ಹಾಕಬಹುದೇ ಎಂದು ಕೇಳಿದವರಿಗೂ ಇಲ್ಲೇ ಉತ್ತರ: ಅದರಲ್ಲಿ ಉಪ್ಪಿದೆ, ಸತ್ವವಿಲ್ಲ. ನೀವೇ ತಿನ್ನಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಆರು ಮೊಟ್ಟೆಗೆ ಎರಡೇ ಮರಿ. ಉಳಿದವು ಏಕೆ ಒಡೆಯಲಿಲ್ಲ? (ಚಳ್ಳಕೆರೆ)

ಉತ್ತರ: ಎಸೆಯುವ ಮುನ್ನ ಒಡೆದು ನೋಡಿದ್ದರೆ ಮೊಟ್ಟೆಯೇ ಹೇಳುತ್ತಿತ್ತು. ಮೊಟ್ಟೆಯಿಂದ ಮರಿಗೆ ಸುಮಾರು 18 ದಿನ. ಎಲ್ಲವೂ ಒಟ್ಟಿಗೆ ಒಡೆಯುವುದಿಲ್ಲ, ಇಟ್ಟ ಕ್ರಮದಲ್ಲೇ ದಿನ ಬಿಟ್ಟು ದಿನ. ಅದಕ್ಕೇ ಪೆನ್ಸಿಲ್‌ನಿಂದ ಅಲ್ಲ, ಮೆತ್ತನೆಯ ತುದಿಯ ಮಾರ್ಕರ್‌ನಿಂದ ಪ್ರತಿ ಮೊಟ್ಟೆಗೆ ಸಂಖ್ಯೆ ಹಾಕಿ. ಕಾವು ಕುಳಿತ ಏಳನೆಯ ದಿನ ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದು ನೋಡಿ. ಕೆಂಪು ನರಗಳ ಜಾಲ ಕಂಡರೆ ಫಲವಾಗಿದೆ. ಪೂರ್ತಿ ತಿಳಿಯಾಗಿದ್ದರೆ ಇಲ್ಲ.

ಎಲ್ಲವೂ ತಿಳಿಯಾಗಿಯೇ ಉಳಿದರೆ ಮೊದಲು ಕೋಲನ್ನು ಅಲುಗಿಸಿ ನೋಡಿ. ಹಕ್ಕಿ ಕೂರುವ ಕೋಲು ಅಲ್ಲಾಡಿದರೆ ಅಥವಾ ತೀರ ನುಣುಪಾಗಿದ್ದರೆ ಕೂಡುವಿಕೆ ಆಗುವುದಿಲ್ಲ. ಅಂಗಡಿಯ ಪ್ಲಾಸ್ಟಿಕ್ ಕೋಲು ಬಿಸಾಕಿ, 12ರಿಂದ 15 ಮಿಲಿಮೀಟರ್ ದಪ್ಪದ ಬೇವಿನ ಅಥವಾ ಪೇರಲದ ಕೊಂಬೆಯನ್ನು ಎರಡೂ ತುದಿಗೆ ಬಿಗಿಯಾಗಿ ಕಟ್ಟಿ. ಒಳಗೆ ರಕ್ತದ ಉಂಗುರ ಕಂಡರೆ ಮೊದಲ ವಾರದಲ್ಲೇ ಪಿಂಡ ಸತ್ತಿದೆ: ರಾತ್ರಿ ಬೆಕ್ಕೋ ಇಲಿಯೋ ಬೆದರಿಸಿ ಹೆಣ್ಣು ಮೊಟ್ಟೆ ಬಿಟ್ಟೆದ್ದಿರಬಹುದು, ಮೊಟ್ಟೆ ಬಿರಿದಿರಬಹುದು. ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಸತ್ತಿದ್ದರೆ ಕಾರಣ ಹೆಚ್ಚಾಗಿ ಒಣಹವೆ. ಚಿಪ್ಪಿನೊಳಗಿನ ಪೊರೆ ಒಣಗಿ ಕಾಗದದಂತೆ ಬಿಗಿದು, ಮರಿಗೆ ತಿರುಗಿ ಒಡೆಯಲು ಆಗುವುದಿಲ್ಲ. ಚಳ್ಳಕೆರೆಯ ಏಪ್ರಿಲ್ ಎಂದರೆ ನಮ್ಮ ಮೊದಲ ಅನುಮಾನ ಇದರ ಮೇಲೆಯೇ.

ಅದಕ್ಕೆ ಮೊಟ್ಟೆಗೆ ನೀರು ಚಿಮುಕಿಸುವುದು ಮದ್ದಲ್ಲ. ಅಗಲ ತಟ್ಟೆಯಲ್ಲಿ ಒಂದಂಗುಲ ನೀರಿಡಿ. ಹೆಣ್ಣು ಮಿಂದು, ಎದೆಗರಿಯಲ್ಲಿ ಬೇಕಾದಷ್ಟೇ ತೇವ ಹೊತ್ತೊಯ್ಯುತ್ತದೆ. ಗಾಳಿ ಬರುವ ಕಡೆ ಒದ್ದೆ ಗೋಣಿಚೀಲ ತೂಗುಬಿಡಿ, ಕೂಲರ್ ಗಾಳಿ ನೇರವಾಗಿ ಬೀಳದಿರಲಿ. ಇದೆಲ್ಲ ತಾತ್ಕಾಲಿಕ. ಸರಿಯಾದ ದಾರಿ ಮಾರ್ಚ್‌ನಿಂದ ಮೇ ಕೊನೆಯವರೆಗೆ ಗೂಡು ಕಟ್ಟದಿರುವುದು. ಮುಂಗಾರು ಹಿಡಿದು ಗಾಳಿ ತಂಪಾದ ಮೇಲೆ, ಜುಲೈನಿಂದ ಫೆಬ್ರುವರಿ ತನಕ ನಮ್ಮ ಸೀಮೆಗೆ ಒಳ್ಳೆಯ ಕಾಲ. ಬಯಲುಸೀಮೆಯ ಇನ್ನೊಂದು ಪಿಡುಗು ಇರುವೆ. ಚಿಪ್ಪು ಬಿರಿಯುವ ಹೊತ್ತಿಗೇ ಮುತ್ತುತ್ತದೆ. ಸ್ಟ್ಯಾಂಡಿನ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿಡಿ, ಪಂಜರ ಗೋಡೆಗೆ ತಾಗದಿರಲಿ. ಇರುವೆ ಪುಡಿ ಬಳಸಬೇಡಿ.

ಪ್ರಶ್ನೆ: ಮರಿ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದಂತೆ, ಹೌದೇ? (ಹೊನ್ನಾಳಿ)

ಉತ್ತರ: ಇಲ್ಲ. ಹೆಣ್ಣು ಹೊರಬಂದಾಗ ದಿನಕ್ಕೊಮ್ಮೆ ನೋಡಿ. ಕತ್ತಿನ ಬುಡದ ಚೀಲದಲ್ಲಿ ಕಾಳು ತುಂಬಿದೆಯೇ, ಬೆರಳಿಗೆ ಹಿಕ್ಕೆ ಮೆತ್ತಿ ಗಟ್ಟಿಯಾಗಿದೆಯೇ ಎಂಬುದು ನೋಡದೆ ತಿಳಿಯದು. ಹಿಕ್ಕೆಯನ್ನು ಕಿತ್ತರೆ ಉಗುರೇ ಬರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ತೆಗೆಯಿರಿ.

ಪ್ರಶ್ನೆ: ದೊಡ್ಡ ಪಂಜರದಲ್ಲಿ ಐದು ಜೋಡಿಗೆ ಐದು ಮಡಕೆ ಕಟ್ಟಿದ್ದೇವೆ. ಹೆಣ್ಣುಗಳು ರಕ್ತ ಬರುವಂತೆ ಕಚ್ಚಾಡುತ್ತವೆ, ಎರಡು ಮರಿ ಸತ್ತವು. (ಹರಿಹರ)

ಉತ್ತರ: ಎಲ್ಲ ಹೆಣ್ಣಿಗೂ ಎತ್ತರದ ಮಡಕೆಯೇ ಬೇಕು. ಐದು ಜೋಡಿಗೆ ಎಂಟು ಹತ್ತು ಮಡಕೆ, ಎಲ್ಲವೂ ಒಂದೇ ಎತ್ತರದಲ್ಲಿ, ಒಂದೇ ದಿನ ಕಟ್ಟಿದವು ಇರಬೇಕು. ಜೋಡಿಯಿಲ್ಲದ ಒಂಟಿ ಹೆಣ್ಣೊಂದಿದ್ದರೆ ಅದೇ ಮರಿ ಕೊಲ್ಲುವುದು, ಅದನ್ನು ತೆಗೆಯಿರಿ. ನಡುವೆ ಹೊಸ ಹಕ್ಕಿ ಬಿಡಬೇಡಿ. ಮಡಕೆಗಳು ಭರ್ತಿಯಾಗಿರುವ ಈಗ ಜಾಗ ಬದಲಿಸಿದರೆ ಗಲಾಟೆ ಹೆಚ್ಚುತ್ತದೆ. ಅತಿ ಜಗಳಗಂಟಿ ಜೋಡಿಯನ್ನು ಅದರ ಮಡಕೆ ಸಮೇತ ಬೇರೆ ಪಂಜರಕ್ಕೆ ಸಾಗಿಸಿ. ನಿಜ ಹೇಳಬೇಕೆಂದರೆ, ಯಾವ ಮರಿ ಯಾರದೆಂದು ತಿಳಿಯಬೇಕಿದ್ದರೆ ಒಂದು ಪಂಜರಕ್ಕೆ ಒಂದೇ ಜೋಡಿ.

ಪ್ರಶ್ನೆ: ಹೆಣ್ಣು ಮೈಯುಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದೆ, ಬಾಲ ಮೇಲೆ ಕೆಳಗೆ ಆಡುತ್ತಿದೆ. (ಹೊಳಲ್ಕೆರೆ)

ಉತ್ತರ: ಈ ಪತ್ರ ಅಂಚೆಯಲ್ಲಿ ಬರುವ ಹೊತ್ತಿಗೆ ತಡವಾಗಿರುತ್ತದೆ, ಮುಂದಿನವರಿಗಾಗಿ ಬರೆಯುತ್ತಿದ್ದೇವೆ. ಇದು ಮೊಟ್ಟೆ ಸಿಕ್ಕಿಕೊಂಡಿರುವ ಲಕ್ಷಣ. ಹೊಟ್ಟೆ ಒತ್ತಬೇಡಿ, ಮೊಟ್ಟೆ ಒಳಗೇ ಒಡೆದರೆ ಹಕ್ಕಿ ಉಳಿಯುವುದಿಲ್ಲ. ಸಣ್ಣ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಕೂರಿಸಿ, ಹಳೇ ನಮೂನೆಯ 40 ವ್ಯಾಟ್ ಬಲ್ಬನ್ನು ಒಂದಡಿ ದೂರದಲ್ಲಿ ಒಂದೇ ಬದಿಗೆ ಉರಿಸಿ. ಎಲ್‌ಇಡಿ ಬಿಸಿ ಕೊಡುವುದಿಲ್ಲ. ಒಳಗೆ 30-32 ಡಿಗ್ರಿ ಇರಲಿ, ಪಕ್ಕದಲ್ಲಿ ಬಿಸಿನೀರಿನ ಬಟ್ಟಲಿಡಿ. ಒಂದೆರಡು ಗಂಟೆಯಲ್ಲಿ ಮೊಟ್ಟೆ ಬರದಿದ್ದರೆ ಪಶುವೈದ್ಯರ ಬಳಿ ಒಯ್ಯಿರಿ, ಕ್ಯಾಲ್ಸಿಯಂ ಚುಚ್ಚುಮದ್ದು ಬೇಕಾಗಬಹುದು. ಬದುಕಿದ ಹೆಣ್ಣಿಗೆ ಆರು ತಿಂಗಳು ಗೂಡು ತೋರಿಸಬೇಡಿ.

ಪ್ರಶ್ನೆ: ಹತ್ತು ದಿನದ ಮರಿಯ ಕಾಲುಗಳು ಕಪ್ಪೆಯಂತೆ ಎರಡೂ ಬದಿಗೆ ಚಾಚಿಕೊಂಡಿವೆ. (ಜಗಳೂರು)

ಉತ್ತರ: ಈಗಲೇ ಕಟ್ಟಿದರೆ ಸರಿಹೋಗುತ್ತದೆ. ಮೂರು ವಾರ ಕಳೆದರೆ ಮೂಳೆ ಬಲಿಯುತ್ತದೆ. ಸಣ್ಣ ಸ್ಪಂಜಿನ ತುಂಡನ್ನು ಎರಡು ಕಾಲುಗಳ ನಡುವೆ ಇಟ್ಟು, ಸಹಜವಾಗಿ ನಿಂತಾಗ ಇರುವಷ್ಟೇ ಅಂತರಕ್ಕೆ ಕಾಗದದ ಸರ್ಜಿಕಲ್ ಟೇಪಿನಿಂದ ಸಡಿಲವಾಗಿ ಸುತ್ತಿ. ಪಾದ ಊದಿದರೆ ಅಥವಾ ಬಣ್ಣ ತಿರುಗಿದರೆ ಬಿಚ್ಚಿ. ಐದಾರು ದಿನ ಸಾಕು. ಗೂಡಿನ ತಳ ಸಪಾಟಾಗಿ, ಹೊಟ್ಟಿಲ್ಲದೆ ಜಾರುತ್ತಿರಬೇಕು ನೋಡಿ. ಹೆಣ್ಣು ಹೊಟ್ಟನ್ನು ಹೊರಗೆಸೆದರೆ ಮತ್ತೆ ಹಾಕುತ್ತಲೇ ಇರಿ.

ಪ್ರಶ್ನೆ: ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ಹೊಗೆಯಿಂದ ತೊಂದರೆಯೇ? (ದಾವಣಗೆರೆ)

ಉತ್ತರ: ಖಂಡಿತ. ಹಕ್ಕಿಯ ಶ್ವಾಸಕೋಶ ನಮಗಿಂತ ಬೇಗ ವಿಷ ಹೀರುತ್ತದೆ. ಭಟ್ಟಿ ಉರಿಯುವ ಹೊತ್ತಿಗೆ ಆ ಬದಿಯ ಕಿಟಕಿ ಮುಚ್ಚಿ. ಆದರೆ ಮನೆಯೊಳಗಿನ ಸೊಳ್ಳೆಬತ್ತಿ, ಅಗರಬತ್ತಿ, ಕಾದು ಸೀದ ನಾನ್‌ಸ್ಟಿಕ್ ತವೆ ಅದಕ್ಕಿಂತ ಹತ್ತಿರದ ಶತ್ರುಗಳು. ತವೆಯ ಹೊಗೆಯಂತೂ ನಿಮಿಷಗಳಲ್ಲಿ ಕೊಲ್ಲುತ್ತದೆ.

ಪ್ರಶ್ನೆ: ಕೆಂಪು ಕಣ್ಣಿನ ಹಳದಿ ಹೆಣ್ಣಿಗೆ ಹಸಿರು ಗಂಡು ಜೋಡಿ ಮಾಡಿದೆವು. ಮರಿಗಳೆಲ್ಲ ಹಸಿರು. ಹಳದಿ ಬರುವುದು ಹೇಗೆ? (ಚಿತ್ರದುರ್ಗ)

ಉತ್ತರ: ಜೋಡಿಯನ್ನು ತಿರುಗಿಸಿ. ಲುಟಿನೋ ಬಣ್ಣ ಲಿಂಗದ ವರ್ಣತಂತುವಿನಲ್ಲಿ ಹರಿಯುತ್ತದೆ. ಹಳದಿ ಗಂಡಿಗೆ ಹಸಿರು ಹೆಣ್ಣು ಕೊಟ್ಟರೆ ಹೆಣ್ಣುಮರಿಗಳೆಲ್ಲ ಹಳದಿ, ಗಂಡುಮರಿಗಳೆಲ್ಲ ಹಸಿರು. ಗೂಡಿನಲ್ಲೇ ಗಂಡು, ಹೆಣ್ಣು ತಿಳಿದುಬಿಡುತ್ತದೆ. ಈಗ ಹುಟ್ಟಿರುವ ಹಸಿರು ಗಂಡುಗಳನ್ನು ಮಾರಬೇಡಿ, ಅವೆಲ್ಲ ಹಳದಿಯನ್ನು ಒಳಗೆ ಹೊತ್ತಿವೆ. ಹೊರಗಿನ ಹಸಿರು ಹೆಣ್ಣಿನೊಡನೆ ಬಿಟ್ಟರೆ ಹೆಣ್ಣುಮರಿಗಳಲ್ಲಿ ಸರಾಸರಿ ಅರ್ಧ ಹಳದಿ. ನೀಲಿಯ ಲೆಕ್ಕ ಬೇರೆ. ನೀಲಿಯನ್ನು ಅಡಗಿಸಿಕೊಂಡ ಎರಡು ಹಸಿರು ಹಕ್ಕಿಗಳಿಗೆ ಸರಾಸರಿ ನಾಲ್ಕರಲ್ಲಿ ಒಂದು ನೀಲಿ ಹುಟ್ಟುತ್ತದೆ, ನೀಲಿಗೆ ನೀಲಿ ಕೂಡಿಸಿದರೆ ಹಸಿರು ಬರುವುದೇ ಇಲ್ಲ. ಜುಟ್ಟಿಗೆ ಜುಟ್ಟು ಮಾತ್ರ ಜೋಡಿ ಮಾಡಬೇಡಿ.

ಇದೇ ಪತ್ರದಲ್ಲಿ ನಮ್ಮ ಹಸಿರು ಗಿಣಿಯನ್ನೂ ಸಾಕಬಹುದೇ ಎಂದಿದ್ದೀರಿ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಹಕ್ಕಿ, ಸಾಕುವುದು ಅಪರಾಧ. ಬಡ್ಜಿಗೆ ಆ ತೊಡಕಿಲ್ಲ.

ಪ್ರಶ್ನೆ: ತಿಂಗಳ ಮರಿಗಳ ಬೆನ್ನಿನ ಗರಿಯನ್ನು ತಾಯಿಯೇ ಕಿತ್ತು ಬೋಳು ಮಾಡಿದೆ. ಮರಿಗಳನ್ನು ಯಾವಾಗ ಬೇರೆ ಮಾಡಬೇಕು? (ಹಿರಿಯೂರು)

ಉತ್ತರ: ಆಕೆಗೆ ಮುಂದಿನ ಮೊಟ್ಟೆಗೆ ಜಾಗ ಬೇಕಾಗಿದೆ, ಮರಿಗಳನ್ನು ಹೊರಗಟ್ಟುತ್ತಿದ್ದಾಳೆ. ರಕ್ತ ಬಂದಿದ್ದರೆ ಇಂದೇ ಮರಿಗಳನ್ನೂ ಗಂಡನ್ನೂ ಬೇರೆ ಪಂಜರಕ್ಕೆ ಬಿಡಿ. ಈ ವಯಸ್ಸಿನಲ್ಲಿ ತುತ್ತು ಕೊಡುವುದು ಹೆಚ್ಚಾಗಿ ಅಪ್ಪನೇ. ಬುಡ ಕೆಡದಿದ್ದರೆ ಗರಿ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಹಾಗಲ್ಲದೆ ರೆಕ್ಕೆ, ಬಾಲದ ಉದ್ದ ಗರಿಗಳೇ ತಾವಾಗಿ ಉದುರಿ ಮರಿ ಹಾರಲಾರದೆ ಓಡಾಡುತ್ತಿದ್ದರೆ ಅದು ವೈರಸ್ ರೋಗವಿರಬಹುದು; ಆ ಪಂಜರದಿಂದ ಹಕ್ಕಿ ಮಾರುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮರಿ 30ರಿಂದ 35ನೇ ದಿನಕ್ಕೆ ಗೂಡಿನಿಂದ ಹೊರಬರುತ್ತದೆ, ಆದರೆ ಕಾಳು ಒಡೆಯಲು ಇನ್ನೂ ವಾರವೋ ಹತ್ತು ದಿನವೋ ಬೇಕು. ತಳದಲ್ಲಿ ನವಣೆ ತೆನೆಯನ್ನೇ ಹಾಕಿದರೆ ಬೇಗ ಕಲಿಯುತ್ತದೆ. ಆರು ವಾರಕ್ಕೆ ಬೇರೆ ಮಾಡಿ, ಮೊದಲ ಎರಡು ದಿನ ಸಂಜೆ ಕತ್ತಿನ ಚೀಲ ಮುಟ್ಟಿ ನೋಡಿ. ಖಾಲಿಯಿದ್ದರೆ ಮರಳಿ ಅಪ್ಪನ ಬಳಿಗೆ. ಇಂಥ ಎರಡು ಸುತ್ತು ಮರಿಯಾದ ಮೇಲೆ ಮಡಕೆ ಬಿಚ್ಚಿ, ಕುದಿನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿಡಿ, ಗಂಡು ಹೆಣ್ಣುಗಳನ್ನು ಬೇರೆ ಬೇರೆ ಪಂಜರದಲ್ಲಿ ಆರು ತಿಂಗಳು ಬಿಡಿ. ಮಡಕೆ ತೆಗೆದ ಮೇಲೂ ಹೆಣ್ಣು ಕಾಳಿನ ಬಟ್ಟಲಲ್ಲೇ ಮೊಟ್ಟೆ ಇಟ್ಟರೆ ಮೊಟ್ಟೆಯಂಥ ಮೆತ್ತನೆಯ ಆಹಾರ ನಿಲ್ಲಿಸಿ, ಸಂಜೆ ಬೇಗ ಬಟ್ಟೆ ಹೊದಿಸಿ ದಿನಕ್ಕೆ ಹತ್ತು ಗಂಟೆ ಮಾತ್ರ ಬೆಳಕು ಕೊಡಿ.