ಶುಗರ್ ಇರುವವರು ತೂಕದ ಆಪರೇಷನ್ ಮಾಡಿಸಿಕೊಳ್ಳುವುದಾದರೆ ಸ್ಲೀವ್ ಒಳ್ಳೆಯದೋ, ಬೈಪಾಸ್ ಒಳ್ಳೆಯದೋ?

ನಿಮ್ಮ ಪ್ರಶ್ನೆ ಓದಿ ನನ್ನ ಹಳೇ ಫೈಲ್ ತೆಗೆದು ಕೂತೆ. ನಿಮಗೆ 44 ವರ್ಷ, 104 ಕೆಜಿ, ಐದು ಅಡಿ ಐದು ಇಂಚು. ಒಂಬತ್ತು ವರ್ಷದಿಂದ ಶುಗರ್, ಹೋದ ವರ್ಷದಿಂದ ರಾತ್ರಿ ಇನ್ಸುಲಿನ್. ಮೈಸೂರಿನಲ್ಲಿ ಒಬ್ಬ ಡಾಕ್ಟರ್ ಸ್ಲೀವ್ (ಜಠರ ಕತ್ತರಿಸಿ ಚಿಕ್ಕದು ಮಾಡುವುದು) ಅಂದರು, ಇನ್ನೊಬ್ಬರು ಬೈಪಾಸ್ (ಜಠರ ಚಿಕ್ಕದು ಮಾಡಿ ಕರುಳಿನ ದಾರಿಯನ್ನೂ ತಿರುಗಿಸುವುದು, ಹೃದಯದ್ದಲ್ಲ) ಅಂದರು, ನಿಮ್ಮ ಮನೆಯವರು ಎರಡೂ ಬೇಡ ಅಂತಿದ್ದಾರೆ. ಇಷ್ಟು ಬರೆದಿದ್ದೀರಿ. ಒಂದು ವಿಷಯ ಬಿಟ್ಟಿದ್ದೀರಿ. ನಿಮಗೆ ಎದೆಯುರಿ, ಹುಳಿತೇಗು ಇದೆಯಾ? ನನ್ನ ವಿಷಯದಲ್ಲಿ ಎಲ್ಲಾ ತೀರ್ಮಾನ ಆಗಿದ್ದು ಆ ಒಂದು ಪ್ರಶ್ನೆಯ ಮೇಲೆ. ಅದಕ್ಕೇ ಮೊದಲೇ ಕೇಳುತ್ತಿದ್ದೇನೆ.

ನಾನು ಮಂಡ್ಯದವನು. ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಬೆಲ್ಲ ಇಳಿದರೆ ಎಲ್ಲರೂ ಒಂದೊಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುವುದು ಅಲ್ಲಿನ ಪದ್ಧತಿ. ಲೆಕ್ಕ ಬರೆಯುವವನಿಗೆ ರುಚಿ ನೋಡುವ ಕೆಲಸ ಇಲ್ಲ, ಆದರೂ ನೋಡುತ್ತಿದ್ದೆ. ಶುಗರ್ ಬಂದ ಮೇಲೂ ನೋಡುತ್ತಿದ್ದೆ. ಎಂಟು ವರ್ಷ ಹೀಗೇ ಕಳೆಯಿತು. ಮೂರು ವರ್ಷದ ಹಿಂದೆ ನನ್ನ ತೂಕ 112 ಕೆಜಿ, ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಕ್ತ ಪರೀಕ್ಷೆ) 9.4, ರಾತ್ರಿ 28 ಯೂನಿಟ್ ಇನ್ಸುಲಿನ್, ಜೊತೆಗೆ ಮೂರು ಥರ ಮಾತ್ರೆ. ಇನ್ಸುಲಿನ್ ಏರಿಸಿದಂತೆ ಹಸಿವು ಜಾಸ್ತಿ, ಹಸಿವು ಜಾಸ್ತಿಯಾದಂತೆ ತೂಕ ಜಾಸ್ತಿ, ತೂಕ ಜಾಸ್ತಿಯಾದಂತೆ ಮತ್ತೆ ಇನ್ಸುಲಿನ್. ನಿಮಗೂ ಇದು ಗೊತ್ತಿರುತ್ತದೆ.

ನನ್ನ ಭಾಮೈದ ಬೆಂಗಳೂರಿನಲ್ಲಿ ಸ್ಲೀವ್ ಮಾಡಿಸಿಕೊಂಡು 30 ಕೆಜಿ ಇಳಿದಿದ್ದ. ನನಗೂ ಅದೇ ಇರಲಿ ಅಂತ ಹೊರಟೆ. ಮೊದಲು ಹೋದ ಕಡೆ ಹೊಟ್ಟೆ ಮುಟ್ಟಿ ಕೂಡ ನೋಡಲಿಲ್ಲ. ಈ ತಿಂಗಳೊಳಗೆ ಮಾಡಿಸಿದರೆ ಇಷ್ಟು ಕಡಿಮೆ ಅಂತ ಕೌಂಟರ್‌ನಲ್ಲಿದ್ದ ಹುಡುಗ ಒಂದು ಚೀಟಿ ಕೊಟ್ಟ. ಸೀರೆ ಅಂಗಡಿಯ ಆಷಾಢದ ಸೇಲ್ ಥರ. ಹೆಂಡತಿ ಆ ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡು, 'ಏಳಿ, ಹೋಗೋಣ' ಅಂದಳು. ಎದ್ದು ಬಂದೆವು.

ಎರಡನೇ ಕಡೆ ಸರ್ಜನ್ ಕೇಳಿದ ಮೊದಲ ಪ್ರಶ್ನೆಯೇ ಎದೆಯುರಿ. ರಾತ್ರಿ ಎರಡು ದಿಂಬು ಹಾಕಿಕೊಂಡು ಮಲಗುತ್ತೇನೆ, ತಿಂಗಳಿಗೆ ನಾಲ್ಕು ಸ್ಟ್ರಿಪ್ ಗ್ಯಾಸ್ ಮಾತ್ರೆ ಮುಗಿಸುತ್ತೇನೆ ಅಂದೆ. ಎಂಡೋಸ್ಕೋಪಿ ಮಾಡಿದರು. ಅನ್ನನಾಳದ ಕೆಳಗೆ ಆಸಿಡ್‌ನಿಂದ ಹುಣ್ಣಾಗಿತ್ತು. ಅವತ್ತೇ ಸ್ಲೀವ್ ಕೈಬಿಟ್ಟು ಬೈಪಾಸ್ ಅಂದರು.

ಯಾಕೆ ಅಂತ ಅವರು ನಮ್ಮ ಕಡೆಯ ಮಾತಿನಲ್ಲೇ ಹೇಳಿದರು. ಸ್ಲೀವ್ ಅಂದರೆ ಕೆರೆ ಚಿಕ್ಕದು ಮಾಡುವುದು. ಜಠರದ ನೂರಕ್ಕೆ 75-80 ಭಾಗ ಕತ್ತರಿಸಿ ತೆಗೆದುಬಿಡುತ್ತಾರೆ, ಉಳಿಯುವುದು ಬಾಳೆಕಾಯಿಯಂಥ ಒಂದು ಕೊಳವೆ. ತೆಗೆದದ್ದನ್ನು ಮತ್ತೆ ಸೇರಿಸಲು ಆಗುವುದಿಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ, ಹಾಗಾಗಿ ಹಸಿವೂ ಇಳಿಯುತ್ತದೆ. ಆದರೆ ಉಳಿದ ಕೊಳವೆಯೊಳಗೆ ಒತ್ತಡ ಜಾಸ್ತಿ. ಆಸಿಡ್ ಮೇಲಕ್ಕೆ ನುಗ್ಗುತ್ತದೆ. ಮೊದಲೇ ಎದೆಯುರಿ ಇದ್ದವರಿಗೆ ಜೋರಾಗಬಹುದು, ಇಲ್ಲದವರಿಗೂ ಹೊಸದಾಗಿ ಬರಬಹುದು. ಬೈಪಾಸ್ ಅಂದರೆ ಕೆರೆ ಚಿಕ್ಕದು ಮಾಡಿ ನಾಲೆಯನ್ನೂ ತಿರುಗಿಸುವುದು. ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂಎಲ್ ಹಿಡಿಯುವ ಚೀಲ ಮಾಡಿ, ಸಣ್ಣ ಕರುಳನ್ನು ಕತ್ತರಿಸಿ ಅದಕ್ಕೆ ಹೊಲಿಯುತ್ತಾರೆ. ಹಳೇ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಆ ಕಡೆ ಹೋಗುವುದಿಲ್ಲ.

ಶುಗರ್‌ಗೆ ಇದರಿಂದ ಏನು ಲಾಭ ಅಂತ ನೀವು ಕೇಳಬಹುದು. ಊಟ ಬೇಗ ಕರುಳಿನ ಕೆಳಭಾಗಕ್ಕೆ ತಲುಪಿದಾಗ ಜಿಎಲ್‌ಪಿ-1 ಅನ್ನುವ ಹಾರ್ಮೋನು ಜೋರಾಗಿ ಬರುತ್ತದೆ, ಅದು ನಮ್ಮ ಮೈಯಲ್ಲೇ ಇನ್ಸುಲಿನ್ ಹೊರಬರುವಂತೆ ಮಾಡುತ್ತದೆ. ಅದಕ್ಕೇ ತೂಕ ಇಳಿಯುವ ಮುಂಚೆಯೇ ಶುಗರ್ ಇಳಿಯುತ್ತದೆ. ನನಗೆ ಬೈಪಾಸ್ ಆದ ನಾಲ್ಕನೇ ದಿನ ಇನ್ಸುಲಿನ್ 28ರಿಂದ 6 ಯೂನಿಟ್‌ಗೆ ಬಂತು. ಆಗ ತೂಕ ಒಂದೆರಡು ಕೆಜಿ ಇಳಿದಿದ್ದರೆ ಹೆಚ್ಚು.

ಹಾಗಂತ ಬೈಪಾಸ್ ಮಾಡಿಸಿದರೆ ಶುಗರ್ ಮಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದಲ್ಲಿ ಸ್ಟ್ಯಾಂಪೀಡ್ ಅನ್ನುವ ಅಧ್ಯಯನ ನಡೆದಿತ್ತು. 150 ಶುಗರ್ ರೋಗಿಗಳು, ಮೂರು ಗುಂಪು. ಐದು ವರ್ಷದ ಲೆಕ್ಕ 2017ರಲ್ಲಿ ಬಂತು. ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕೆಳಗೆ ಉಳಿದವರು ಬೈಪಾಸ್ ಗುಂಪಿನಲ್ಲಿ ನೂರಕ್ಕೆ 29, ಸ್ಲೀವ್‌ನಲ್ಲಿ 23, ಬರೀ ಔಷಧಿಯಲ್ಲಿ 5. ನನ್ನ ಕೆಲಸವೇ ಲೆಕ್ಕ, ಹಾಗಾಗಿ ಈ ಮೂರು ಅಂಕಿ ನನ್ನ ತಲೆಯಲ್ಲಿ ಉಳಿದಿವೆ. ಔಷಧಿಗಿಂತ ಎರಡೂ ಆಪರೇಷನ್ ಎಷ್ಟೋ ಮೇಲು. ಬೈಪಾಸ್‌ಗೂ ಸ್ಲೀವ್‌ಗೂ ನಡುವೆ ಅಂಥ ಭಾರೀ ವ್ಯತ್ಯಾಸ ಇಲ್ಲ. ನೂರಕ್ಕೆ ಎಪ್ಪತ್ತು ಜನ ಬೈಪಾಸ್ ಆದ ಮೇಲೂ ಆ ಗೆರೆಗಿಂತ ಮೇಲೇ ಇದ್ದರು, ಆದರೆ ಮೊದಲಿಗಿಂತ ಕಡಿಮೆ ಔಷಧಿಯಲ್ಲಿ ನಡೆಸುತ್ತಿದ್ದವರು ಅವರಲ್ಲೂ ಬಹಳ.

ಇಲ್ಲಿ ನಿಮ್ಮ ಒಂಬತ್ತು ವರ್ಷ ಲೆಕ್ಕಕ್ಕೆ ಬರುತ್ತದೆ. ಶುಗರ್ ಹಳೆಯದಾದಷ್ಟೂ, ಇನ್ಸುಲಿನ್ ಶುರುವಾಗಿ ಹೆಚ್ಚು ದಿನ ಆದಷ್ಟೂ, ಪೂರ್ತಿ ಬಿಡುಗಡೆಯ ಆಸೆ ಕಡಿಮೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಸರಕು ಇನ್ನೂ ಎಷ್ಟು ಉಳಿದಿದೆ ಅಂತ ನೋಡಲು ಸಿ-ಪೆಪ್ಟೈಡ್ ಅನ್ನುವ ರಕ್ತ ಪರೀಕ್ಷೆ ಇದೆ. ಆಪರೇಷನ್‌ಗೆ ಮುಂಚೆ ಮಾಡಿಸಿ. ಕಣ್ಣಿನ ರೆಟಿನಾ ಪರೀಕ್ಷೆಯೂ ಆಗಲಿ. ಶುಗರ್ ಒಮ್ಮೆಲೇ ಇಳಿದಾಗ ಹಳೇ ರೆಟಿನಾ ತೊಂದರೆ ಕೆಲವರಿಗೆ ಹೆಚ್ಚಾಗುತ್ತದೆ. ಈ ಮಾತು ನನಗೆ ಯಾರೂ ಹೇಳಿರಲಿಲ್ಲ, ಕಣ್ಣಿನ ಡಾಕ್ಟರ್ ಆಮೇಲೆ ಬೈದರು.

ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ನಾನು ಹಾಕಿ ನೋಡಿದೆ, 38 ಬರುತ್ತದೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಆಪರೇಷನ್ ಹೇಳಬಹುದು, ಶುಗರ್ ಇದ್ದರೆ 30ಕ್ಕೇ ಹೇಳಬಹುದು. ನಮ್ಮಂಥ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಅಂತಲೂ ಅದರಲ್ಲಿದೆ. ಆದರೆ ಇನ್ಶೂರೆನ್ಸ್‌ನವರು ನೋಡುವುದು ಬೇರೆ. ಐಆರ್‌ಡಿಎಐ (ಇನ್ಶೂರೆನ್ಸ್ ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ನಿಯಮದಲ್ಲಿ ಬಿಎಂಐ 40, ಇಲ್ಲವಾದರೆ 35ರ ಜೊತೆ ಹತೋಟಿಗೆ ಬಾರದ ಟೈಪ್ 2 ಶುಗರ್‌ನಂಥ ಕಾಯಿಲೆ ಇರಬೇಕು, ಡಾಕ್ಟರ್ ಸಲಹೆ ಇರಬೇಕು, ಬೇರೆ ದಾರಿಗಳು ಸೋತಿರಬೇಕು. ನಿಮ್ಮದು ಅದರೊಳಗೆ ಬರಬಹುದು. ನನ್ನ ಕಂಪನಿ ಮೊದಲು 'ಸೌಂದರ್ಯ ಚಿಕಿತ್ಸೆ' ಅಂತ ತಳ್ಳಿಹಾಕಿತು. ಐದು ವರ್ಷದ ಎಚ್‌ಬಿಎ1ಸಿ ರಿಪೋರ್ಟು, ಡಯಟ್ ಚೀಟಿ, ಎಲ್ಲಾ ಜೋಡಿಸಿ ಡಾಕ್ಟರ್ ಪತ್ರದ ಜೊತೆ ಮತ್ತೆ ಕಳಿಸಿದ ಮೇಲೆ ಕೊಟ್ಟರು. ಹಳೇ ರಿಪೋರ್ಟು ಎಸೆಯಬೇಡಿ. ಪಾಲಿಸಿ ತೆಗೆದುಕೊಳ್ಳುವ ಮುಂಚೆಯೇ ಶುಗರ್ ಇತ್ತು ಅಂದರೆ ಕಾಯುವ ಅವಧಿ ಮುಗಿದಿದೆಯಾ ಅಂತಲೂ ನೋಡಿಕೊಳ್ಳಿ.

ಮಿನಿ ಬೈಪಾಸ್ ಬಗ್ಗೆಯೂ ಕೇಳಿದ್ದಿರಿ. ಕರುಳನ್ನು ಎರಡು ಕಡೆ ಹೊಲಿಯುವ ಬದಲು ಒಂದೇ ಕಡೆ ಹೊಲಿಯುತ್ತಾರೆ, ನಮ್ಮ ದೇಶದಲ್ಲಿ ಬಹಳ ಮಾಡುತ್ತಾರೆ. ಶುಗರ್‌ಗೆ ಒಳ್ಳೆಯದೇ. ಪಿತ್ತರಸ ಮೇಲಕ್ಕೆ ಬರುವ ತೊಂದರೆ ಅದರಲ್ಲಿ ಇದೆ, ಹಾಗಾಗಿ ಎದೆಯುರಿ ಇದ್ದವರು ಎರಡು ಸಲ ಕೇಳಿಕೊಳ್ಳಬೇಕು. ಜಠರಕ್ಕೆ ಪಟ್ಟಿ ಕಟ್ಟುವ ಬ್ಯಾಂಡ್ ಈಗ ಹೆಚ್ಚಾಗಿ ಯಾರೂ ಮಾಡುವುದಿಲ್ಲ, ಬಿಡಿ.

ಇಂಜೆಕ್ಷನ್ ವಿಷಯ. ನಾನು ಆಪರೇಷನ್ ಮಾಡಿಸಿಕೊಂಡಾಗ ಮೌಂಜಾರೊ (ಶುಗರ್, ತೂಕ ಇಳಿಸುವ, ವಾರಕ್ಕೊಂದು ಇಂಜೆಕ್ಷನ್) ನಮ್ಮಲ್ಲಿ ಸಿಗುತ್ತಿರಲಿಲ್ಲ, ಬಂದದ್ದು 2025ರ ಮಾರ್ಚ್‌ನಲ್ಲಿ. ಆಗಲೇ ಇದ್ದಿದ್ದರೆ ಮೊದಲು ಅದನ್ನೇ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಬೈಪಾಸ್ ಆದಾಗ ನಮ್ಮ ಕರುಳೇ ಬಿಡುವ ಹಾರ್ಮೋನಿನ ಕೆಲಸವನ್ನೇ ಅದು ಹೊರಗಿನಿಂದ ಮಾಡುತ್ತದೆ. ನಿಲ್ಲಿಸಿದರೆ ಇಳಿದ ತೂಕದಲ್ಲಿ ಸಾಕಷ್ಟು ವಾಪಸ್ ಬರುತ್ತದೆ. ವಾರ ವಾರ ಎಷ್ಟು ವರ್ಷ ದುಡ್ಡು ಕೊಡಬಲ್ಲಿರಿ ಅಂತ ಕೂತು ಲೆಕ್ಕ ಹಾಕಿ, ನಿಮ್ಮ ಶುಗರ್ ಡಾಕ್ಟರ್ ಹತ್ತಿರವೂ ಕೇಳಿ. ಈಗಲೇ ಆಪರೇಷನ್‌ಗೆ ಓಡಬೇಕು ಅಂತೇನಿಲ್ಲ.

ಆಮೇಲಿನ ಜೀವನದ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಮೊದಲ ಎರಡು ವಾರ ಬರೀ ನೀರಾಗಿರುವುದು. ಕೆಮ್ಮಿನ ಔಷಧಿ ಬಾಟಲಿ ಜೊತೆ ಪ್ಲಾಸ್ಟಿಕ್ ಲೋಟ ಬರುತ್ತದಲ್ಲ, ಅದರಲ್ಲಿ ಅಳೆದು ಹುರುಳಿ ಕಟ್ಟು ಕುಡಿಯುತ್ತಿದ್ದೆ. ಒಂದು ಲೋಟಕ್ಕೆ ಕಾಲು ಗಂಟೆ. ಅವ್ವ ಎದುರಿಗೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಎರಡು ಮುದ್ದೆ ಉಣ್ಣುವ ಮಗ ಹಾಲೂಡಿಸುವ ಕೂಸಿನ ಥರ ಆದನಲ್ಲ ಅಂತ.

ಮುದ್ದೆಯ ಕಥೆ ಬೇರೆಯೇ. ನಾವು ಮಂಡ್ಯದವರು ಮುದ್ದೆ ಅಗಿಯುವುದಿಲ್ಲ, ನುಂಗುತ್ತೇವೆ. ಬೈಪಾಸ್ ಆದವನು ಪ್ರತಿ ತುತ್ತನ್ನೂ ಇಪ್ಪತ್ತು ಸಲ ಅಗಿಯಬೇಕು. ಮೂರನೇ ತಿಂಗಳು ಉಪ್ಸಾರಿನ ವಾಸನೆಗೆ ಸೋತು ನೆಲ್ಲಿಕಾಯಿ ಗಾತ್ರದ ಮುದ್ದೆ ಅದ್ದಿ ನುಂಗಿದೆ. ಎದೆಯ ನಡುವೆ ಕಲ್ಲು ಕೂತ ಹಾಗಾಯಿತು. ಬಾಯಿತುಂಬ ಎಂಜಲು, ಒಳಗೂ ಹೋಗದು, ಹೊರಗೂ ಬಾರದು. ಮುಕ್ಕಾಲು ಗಂಟೆ ಹಿತ್ತಲಿನಲ್ಲಿ ತೆಂಗಿನ ಮರ ಹಿಡಿದು ನಿಂತಿದ್ದೆ. ಅವತ್ತಿನಿಂದ ರಾಗಿ ಅಂದರೆ ಅಂಬಲಿ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ದಿನಕ್ಕೆ 60 ಗ್ರಾಂ ಆದರೂ ಪ್ರೋಟೀನ್ ಬೇಕು, ಹಾಗಾಗಿ ತಟ್ಟೆಯಲ್ಲಿ ಮೊದಲು ಮೊಟ್ಟೆ, ಕಾಳು, ಕೋಳಿ. ಹೊಟ್ಟೆಯಲ್ಲಿ ಜಾಗ ಉಳಿದರೆ ಅನ್ನ.

ಇನ್ನು ಬೆಲ್ಲ. ಆರು ತಿಂಗಳಾದ ಮೇಲೆ ಮಂಡಿಯಲ್ಲಿ ಕೈ ಸುಮ್ಮನೆ ಇರಲಿಲ್ಲ, ಒಂದು ಅಚ್ಚಿನ ಕಾಲು ಭಾಗ ಬಾಯಿಗೆ ಹೋಯಿತು. ಹತ್ತು ನಿಮಿಷಕ್ಕೆ ಎದೆ ಡವಡವ, ಮೈಯೆಲ್ಲಾ ಬೆವರು, ಹೊಟ್ಟೆ ಹಿಂಡಿ ಕಕ್ಕಸಿಗೆ ಓಡಿದೆ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ, ಸಿಹಿ ಒಮ್ಮೆಲೇ ಕರುಳಿಗೆ ಇಳಿದಾಗ ಆಗುವುದು. ಸ್ಲೀವ್‌ಗಿಂತ ಬೈಪಾಸ್‌ನಲ್ಲಿ ಜಾಸ್ತಿ. ಎಂಟು ವರ್ಷ ಡಾಕ್ಟರ್ ಬಿಡಿಸಲಾಗದ ಚಟ ಆ ಒಂದು ಬೆಳಿಗ್ಗೆ ಬಿಟ್ಟಿತು.

ಮಾತ್ರೆ ಜೀವನಪೂರ್ತಿ. ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12, ಒಂದು ಮಲ್ಟಿವಿಟಮಿನ್. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಮಂಡಿನೋವಿಗೆ ಅಂತ ಡೈಕ್ಲೋಫಿನ್ಯಾಕ್, ಬ್ರೂಫೆನ್ ಥರದ ಮಾತ್ರೆ ನುಂಗುವಂತಿಲ್ಲ, ಹೊಲಿದ ಜಾಗದಲ್ಲಿ ಹುಣ್ಣಾಗುತ್ತದೆ. ಬೀಡಿ ಸಿಗರೇಟು ಇದ್ದರೆ ಅದೂ ಬಿಡಬೇಕು. ನಾಲ್ಕನೇ ತಿಂಗಳು ಬಾಚಣಿಗೆ ತುಂಬ ಕೂದಲು ಬಂತು, ಒಂದು ವರ್ಷಕ್ಕೆ ಸರಿಹೋಯಿತು. ಇಂಥ ಮಾತ್ರೆ, ಪರೀಕ್ಷೆ ಎಲ್ಲಾ ನಿಮ್ಮಿಂದ ಆಗದು ಅನ್ನಿಸಿದರೆ, ಎದೆಯುರಿಯೂ ಇಲ್ಲದಿದ್ದರೆ, ಸ್ಲೀವ್ ಬಗ್ಗೆ ಮತ್ತೆ ಕೇಳಿ. ಅದರಲ್ಲೂ ವಿಟಮಿನ್ ಬೇಕು, ಆದರೆ ಕೊರತೆ ಬೈಪಾಸ್‌ನಷ್ಟು ಇರುವುದಿಲ್ಲ.

ಈಗ ನನ್ನ ಸ್ಥಿತಿ ಇಷ್ಟು. ಒಂದು ವರ್ಷಕ್ಕೆ 81 ಕೆಜಿಗೆ ಬಂದಿದ್ದೆ, ಈಗ 86. ಇನ್ಸುಲಿನ್ ಹೋಯಿತು. ಮೆಟ್‌ಫಾರ್ಮಿನ್ ಒಂದು ಉಳಿದಿದೆ, ಎಚ್‌ಬಿಎ1ಸಿ 6.6. ಎರಡು ದಿಂಬು ಬೇಡ, ಗ್ಯಾಸ್ ಮಾತ್ರೆಯೂ ನಿಂತಿತು.

ನಿಮ್ಮ ಮನೆಯವರು ಹೆದರುತ್ತಿದ್ದಾರೆ ಅಂದಿರಲ್ಲ, ಅವರನ್ನು ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ. ನಾನು ಎಷ್ಟು ಕೆಜಿ ಇಳಿಯುತ್ತದೆ ಅಂತ ಕೇಳುತ್ತಿದ್ದರೆ, ನನ್ನ ಹೆಂಡತಿ 'ರಾತ್ರಿ ಹನ್ನೆರಡಕ್ಕೆ ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡ್ಬೇಕು ಸಾರ್?' ಅಂತ ಕೇಳಿದಳು. ವಾರ್ಡಿನ ನಂಬರ್ ಕೊಟ್ಟರು. ಮನೆಗೆ ಬಂದು ಕ್ಯಾಲೆಂಡರ್ ಮೇಲೆ ಬರೆದಳು. ಮನೆಗೆ ಬಂದ ಐದನೇ ರಾತ್ರಿ ಆ ನಂಬರ್ ಬೇಕಾಯಿತು. ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ನಿಲ್ಲಿಸಿ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಇತ್ತು, ಆದರೆ ಅವ್ವ ರೂಢಿಯಂತೆ ಹಳೇ ಡಬ್ಬಿಯಿಂದ ತೆಗೆದು ಕೊಟ್ಟಳು, ನಾನೂ ನೋಡದೆ ನುಂಗಿದ್ದೆ. ಎರಡು ಗಂಟೆಗೆ ಎಚ್ಚರವಾದಾಗ ಬನಿಯನ್ ಒದ್ದೆ, ಕೈ ನಡುಗುತ್ತಿತ್ತು. ಮೀಟರ್‌ನಲ್ಲಿ 54. ಫೋನ್ ತೆಗೆದ ನರ್ಸ್, ಗ್ಲೂಕೋಸ್ ಪುಡಿ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕೊಡಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಮಾತು ತೊದಲಿದರೆ ಕಾಯದೆ ಹೊರಡಿ ಅಂದರು. ಮೂರು ಸಲ ನೋಡಿದ ಮೇಲೆ 92 ಬಂತು. ಬೆಳಿಗ್ಗೆ ಹೆಂಡತಿ ಮಾಡಿದ ಮೊದಲ ಕೆಲಸ ಆ ಹಳೇ ಡಬ್ಬಿ ಖಾಲಿ ಮಾಡಿದ್ದು. ನೀವು ಆಸ್ಪತ್ರೆಗೆ ಹೋಗುವ ಮುಂಚೆಯೇ ಅದನ್ನು ಮಾಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ, ಆಪರೇಷನ್‌ಗೆ ಮೂರು ದಿನ ಮುಂಚೆಯಾದರೂ ಅವನ್ನು ನಿಲ್ಲಿಸಲು ಹೇಳುತ್ತಾರೆ.